ಹಾಜರಿ ಪಟ್ಟಿಯಲ್ಲಿ ಒಬ್ಬ

ಕಿಲ್‌ಡೋರನ್ ಕೋಟೆ, ಜನವರಿ 9, 1767

ನಮ್ಮ ರೆಜಿಮೆಂಟಿನ ಮೇಜರ್ ಹೋಲ್ಡನ್ ಸತ್ತ ಸುದ್ದಿ ಇಂದಿನ ಅಂಚೆಯಲ್ಲಿ ಬಂತು. ಎದೆನೋವಂತೆ. ಒಳ್ಳೆಯ ಮನುಷ್ಯನಾಗಿದ್ದರೆ ನಾನು ಮೊದಲು ಅವರ ಹೆಂಡತಿ ಮಕ್ಕಳನ್ನು ನೆನೆಯಬೇಕಿತ್ತು. ನೆನೆದದ್ದು ಕಾಬ್‌ನನ್ನು. ಅವನು ಮೇಜಿನ ಆಚೆ ತುದಿಯಲ್ಲಿ ಅದೇ ಸುದ್ದಿಯ ಪತ್ರವನ್ನು ಓದಿ, ಮಡಿಸಿ, ಕಣ್ಣು ಮುಚ್ಚಿಕೊಂಡು ಸ್ವಲ್ಪ ಹೊತ್ತು ಕೂತ. ಅದನ್ನು ನೋಡಿ ಇಬ್ಬರು ಕಿರಿಯ ಅಧಿಕಾರಿಗಳೂ ಕಣ್ಣು ಮುಚ್ಚಿದರು. ಪ್ರಾರ್ಥನೆಯನ್ನೂ ಅವನು ಜನ ನೋಡುವಂತೆ ಮಾಡುತ್ತಾನೆ. ಅಥವಾ ಅವನು ಮಾಡಿದ್ದನ್ನೆಲ್ಲ ಜನ ನೋಡುತ್ತಾರೆ. ನನ್ನ ಮಟ್ಟಿಗೆ ಎರಡೂ ಒಂದೇ.

ಪತ್ರದ ಕೊನೆಯಲ್ಲಿ ನಮ್ಮ ಕರ್ನಲ್ ಬರೆದಿದ್ದಾರೆ: ಮಾರ್ಚ್ 2ರಂದು ಜನರಲ್ ಆಶ್‌ಕೂಮ್ ಈ ಕೋಟೆಯನ್ನು ತಪಾಸಣೆ ಮಾಡಲು ಬರುತ್ತಾರೆ. ಎಲ್ಲವೂ ಸರಿಯಾಗಿದ್ದರೆ, ಆ ದಿನ ಇಲ್ಲಿ ಅಧಿಪತ್ಯ ವಹಿಸಿರುವ ಅಧಿಕಾರಿಯ ಹೆಸರನ್ನು ಹೋಲ್ಡನ್‌ರ ಸ್ಥಾನಕ್ಕೆ ಶಿಫಾರಸು ಮಾಡುತ್ತಾರೆ.

ಆ ದಿನ ಅಧಿಪತ್ಯ ಯಾರದು? ಈ ಅಸಂಬದ್ಧವನ್ನು ಒಮ್ಮೆ ಬರೆದಿಟ್ಟರೆ ಸಿಟ್ಟು ಇಳಿದೀತು.

ನಾನು, ಸರ್ ಬೇಸಿಲ್ ಥಾರ್ನ್‌ಹೇ, ತಲೆಮಾರಿನಿಂದ ಬಂದ ಬಿರುದಿನ ಐದನೆಯ ಬ್ಯಾರನೆಟ್, ಈ ರೆಜಿಮೆಂಟಿನ ಎಲ್ಲರಿಗಿಂತ ಹಿರಿಯ ಕ್ಯಾಪ್ಟನ್. ನಥಾನಿಯಲ್ ಕಾಬ್ ಗಿರಣಿಯವನ ಮಗ. ನನಗಿಂತ ನಾಲ್ಕು ವರ್ಷ ತಡವಾಗಿ ಕ್ಯಾಪ್ಟನ್ ಆದವನು. ಆದರೆ ಹಿಂದಿನ ಯುದ್ಧದಲ್ಲಿ ಇಪ್ಪತ್ತು ಜನರನ್ನು ಕಟ್ಟಿಕೊಂಡು ಶತ್ರುಗಳ ಎರಡು ಫಿರಂಗಿ ಹಿಡಿದನೆಂದು ಅರಸರು ಅವನಿಗೊಂದು ಸನ್ನದು ಕೊಟ್ಟರು: ಒಟ್ಟು ಸೇನೆಯಲ್ಲಿ ಅವನು ಮೇಜರ್. ಆ ಸನ್ನದು ನಮ್ಮ ರೆಜಿಮೆಂಟಿನ ಒಳಗೆ ನಡೆಯುವುದಿಲ್ಲ. ಇಲ್ಲಿ ನಾವಷ್ಟೇ ಇದ್ದರೆ ಅವನು ನನ್ನ ಕೈಕೆಳಗೆ. ಬೇರೆ ರೆಜಿಮೆಂಟಿನವರು ಬೆರೆತ ಕೂಡಲೇ ಸನ್ನದಿಗೆ ಜೀವ ಬರುತ್ತದೆ. ನಾನು ಅವನ ಕೈಕೆಳಗೆ.

ಬೆರೆತಿದ್ದಾರೆ. ಕೋಟೆಯ ಗೋಡೆ ಕಟ್ಟಲೆಂದು ವೇಲ್ಸಿನ ರೆಜಿಮೆಂಟಿನ ನಲವತ್ತು ಜನ ಬಂದಿದ್ದಾರೆ, ಕೆಂಪು ಕೋಟಿನ ತೋಳಿಗೆ ಹಸಿರು ಪಟ್ಟಿಯವರು. ಆ ನಲವತ್ತು ಜನರ ದೆಸೆಯಿಂದ ಊಟದ ಮೇಜಿನ ತಲೆಯ ಕುರ್ಚಿ ಕಾಬ್‌ನದು. ಸಂಜೆ ಹೆಬ್ಬಾಗಿಲ ಕೀಲಿಕೈ ಹೋಗುವುದು ಅವನ ಕೋಣೆಗೆ. ದಿನದ ಸಂಕೇತಪದ ಆರಿಸುವವನೂ ಅವನೇ. ನಿನ್ನೆಯ ಪದ ‘ಟರ್ನಿಪ್’, ದನಕ್ಕೆ ಹಾಕುವ ಗೆಡ್ಡೆ. ನನ್ನ ಸ್ವಂತ ಕೋಣೆಗೆ ಹೋಗಲು ನಾನು ಕಾವಲಿನವನ ಮುಂದೆ ನಿಂತು ‘ಟರ್ನಿಪ್’ ಎನ್ನಬೇಕಾಯಿತು. ಅವನು ನಗಲಿಲ್ಲ. ಆದರೆ ಅವನ ಕೆನ್ನೆ ಕುಣಿಯಿತು.

ಬರೆದೆ. ಸಿಟ್ಟು ಇಳಿಯಲಿಲ್ಲ.

ಜನವರಿ 11

ವೇಲ್ಸಿನ ಕರ್ನಲ್‌ಗೆ ಒಂದು ಸೌಜನ್ಯದ ಪತ್ರ ಬರೆದೆ. ಇಲ್ಲಿ ಸೌದೆ ಸಾಲದು, ನಿಮ್ಮ ಜನ ಚಳಿಯಲ್ಲಿ ನರಳುತ್ತಿದ್ದಾರೆ, ಗೋಡೆಯ ಕೆಲಸ ಹೆಚ್ಚುಕಡಿಮೆ ಮುಗಿದಿದೆ ಎಂದು. ಸೌದೆ ಸಾಲದು ಎಂಬುದು ಸುಳ್ಳಲ್ಲ. ಯಾವ ಕೋಟೆಯಲ್ಲಿ ಸಾಕಷ್ಟಿರುತ್ತದೆ?

ಜನವರಿ 14

ಬೆಳಿಗ್ಗೆ ಗೋಡೆಯ ಬಳಿ ಕಲ್ಲು ಜಾರಿ ವೇಲ್ಸಿನ ಸಿಪಾಯಿಯೊಬ್ಬನ ತೊಡೆ ಮುರಿಯಿತು. ಹೋವೆಲ್ ಪ್ರಾಬರ್ಟ್ ಎಂದು ಹೆಸರು, ನಲವತ್ತೈದರ ಮೇಲಿನವನು. ಕಾಬ್ ಓಡಿಬಂದು, ಕೋಟು ಬಿಚ್ಚಿ ಕೆಸರಿಗೆ ಎಸೆದು, ಸಿಪಾಯಿಗಳ ಜೊತೆ ಕಲ್ಲಿಗೆ ಹೆಗಲು ಕೊಟ್ಟ. ಅಧಿಪತಿಯಾದವನು ಬರೀ ಅಂಗಿಯಲ್ಲಿ ನಿಲ್ಲುವುದೇ? ಸಿಪಾಯಿಗಳು ಅವನನ್ನು ನೋಡುತ್ತಿದ್ದ ರೀತಿ ನೋಡಿ ನನಗೆ ಬಾಯೆಲ್ಲ ಕಹಿಯಾಯಿತು.

ಪ್ರಾಬರ್ಟ್‌ನ ತಲೆ ಎತ್ತಿ ಹಿಡಿದು ಬ್ರಾಂದಿ ಕುಡಿಸಿದವನು ನಾನು. ಅದನ್ನು ಯಾರೂ ನೋಡಲಿಲ್ಲ.

ಜನವರಿ 21

ಪತ್ರ ಕೆಲಸ ಮಾಡಿತು. ಹಸಿರು ಪಟ್ಟಿಯವರಿಗೆ ಮರಳಿ ಬರಲು ಆಜ್ಞೆ ಬಂದು, ಇವತ್ತು ಮಧ್ಯಾಹ್ನ ಹೊರಟುಹೋದರು. ಮೂವತ್ತೊಂಬತ್ತು ಜನ. ಹಿಮದ ಮೇಲೆ ಅವರ ಸಾಲು ಸಣ್ಣದಾಗುತ್ತ ಹೋದದ್ದನ್ನು ಗೋಡೆಯ ಮೇಲೆ ನಿಂತು ಕೊನೆಯವರೆಗೂ ನೋಡಿದೆ. ಇಷ್ಟು ಸುಖವಾಗಿ ನಾನು ಯಾರನ್ನೂ ಬೀಳ್ಕೊಟ್ಟಿಲ್ಲ.

ಕಾಬ್ ಮೆಟ್ಟಿಲು ಹತ್ತಿ ಬಂದ. ಕೈಯಲ್ಲಿ ಕೀಲಿಕೈ ಗೊಂಚಲು.

“ತಗೊಳ್ಳಿ ಸರ್ ಬೇಸಿಲ್. ಇನ್ನು ಇದು ನಿಮ್ಮದು.”

“ಯಾವ ನಿಯಮದ ಪ್ರಕಾರ?”

“ಅವರೆಲ್ಲ ಹೋದ್ರಲ್ಲ.”

“ಒಬ್ಬ ಇದ್ದಾನೆ. ಕಾಲು ಮುರಿದವನು.”

“ಅವನನ್ನ ಲೆಕ್ಕಕ್ಕೆ ಯಾಕೆ ತಗೋತೀರಿ? ಮಲಗಿರೋ ಒಬ್ಬನ್ನ ಇಟ್ಕೊಂಡು ನಿಮ್ಮ ಮೇಲೆ ನಾನು ದರ್ಬಾರು ಮಾಡೋದು ಚೆನ್ನಾಗಿರಲ್ಲ.”

“ಚೆನ್ನಾಗಿರುತ್ತೋ ಇಲ್ವೋ ಅದನ್ನ ನಿಯಮ ಹೇಳ್ಬೇಕು ಕಾಬ್, ನೀವಲ್ಲ.”

ಅವನು ಹುಬ್ಬೇರಿಸಿದ. “ಕೊಡ್ತಿದೀನಲ್ಲ, ಮತ್ತೇನು?”

ಅದೇ ಮಾತು ನನ್ನನ್ನು ಕೆರಳಿಸಿದ್ದು. ಕೊಡುತ್ತಾನಂತೆ! ನನಗೆ ಸೇರಬೇಕಾದ್ದನ್ನು ನನಗೆ ಕೊಟ್ಟು ದಾನಶೂರನೆನಿಸಿಕೊಳ್ಳುತ್ತಾನಂತೆ; ಅದನ್ನು ಸಿಪಾಯಿಗಳು ನೋಡಬೇಕಂತೆ. ಎಡಿನ್‌ಬರೋದ ಸೇನಾ ಕಚೇರಿಗೆ ಬರೆದು ಲಿಖಿತ ತೀರ್ಮಾನ ತರಿಸುತ್ತೇನೆ, ಅಲ್ಲಿಯವರೆಗೆ ಕೀಲಿಕೈ ನೀವೇ ಇಟ್ಟುಕೊಳ್ಳಿ ಎಂದೆ. ತೀರ್ಮಾನ ಬಂದಾಗ ಅದು ಅವನ ದಾನವಾಗಿರುವುದಿಲ್ಲ, ನನ್ನ ಹಕ್ಕಾಗಿರುತ್ತದೆ.

ಪತ್ರ ಇಂದೇ ಹೋಯಿತು.

ಫೆಬ್ರವರಿ 3

ಎಡಿನ್‌ಬರೋದ ಉತ್ತರ, ಯಥಾವತ್ತಾಗಿ: “ಬೇರೊಂದು ರೆಜಿಮೆಂಟಿನ ಒಬ್ಬನೇ ಒಬ್ಬ ಸಿಪಾಯಿ, ಹಾಸಿಗೆ ಹಿಡಿದವನಾದರೂ, ಕೋಟೆಯ ಹಾಜರಿ ಪಟ್ಟಿಯಲ್ಲಿ ಇರುವ ತನಕ ಅದು ಮಿಶ್ರ ದಂಡೇ. ಅಧಿಪತ್ಯವು ಸನ್ನದಿನ ಮೇಜರ್ ಕಾಬ್ ಅವರಿಗೆ ಸಲ್ಲುತ್ತದೆ. ಇಷ್ಟು ಸೂಕ್ಷ್ಮವಾದ ಪ್ರಶ್ನೆ ಎತ್ತಿದ್ದಕ್ಕೆ ಸರ್ ಬೇಸಿಲ್ ಅವರಿಗೆ ವಂದನೆಗಳು.”

ಕಾಬ್ ಅದನ್ನು ಎರಡು ಸಲ ಓದಿದ.

“ಕೊಟ್ಟಾಗ ತಗೊಂಡಿದ್ರೆ ಆಗ್ತಿತ್ತು,” ಎಂದ. “ಈಗ ಕೊಡ್ತೀನಿ ಅಂದ್ರೂ ನನ್ನ ಕೈಲಾಗಲ್ಲ.”

ಅವನು ನಕ್ಕಿದ್ದರೆ ಸಹಿಸಬಹುದಿತ್ತು. ನಗಲಿಲ್ಲ. ಮರುಕಪಟ್ಟ.

ಫೆಬ್ರವರಿ 4

ರೋಗಿಗಳ ಕೋಣೆಗೆ ಹೋದೆ. ಪ್ರಾಬರ್ಟ್ ಒಬ್ಬನೇ ಇದ್ದ, ಕಾಲಿಗೆ ಹಲಗೆ ಕಟ್ಟಿಸಿಕೊಂಡು, ಒದ್ದೆ ಹುಲ್ಲಿನ ಹಾಸಿನ ಮೇಲೆ. ನನ್ನ ಮತ್ತು ಮೇಜರ್ ಸ್ಥಾನದ ನಡುವೆ ಮಲಗಿರುವ ಮನುಷ್ಯ ಇವನು. ತಲೆ ಬೋಳಾಗುತ್ತಿದೆ, ಎರಡು ಹಲ್ಲಿಲ್ಲ.

ಕೋಟೆಯ ವೈದ್ಯ ಲೊರಿಮರ್ ಬಾಗಿಲಲ್ಲಿ ಪೈಪು ಸೇದುತ್ತಿದ್ದ. ಇವನು ಎಂದು ಹೊರಡಬಹುದು ಎಂದು ಕೇಳಿದೆ.

“ಹಾಜರಿ ಪಟ್ಟಿಯಿಂದ ಹೆಸರು ಹೋಗೋಕೆ ಮೂರು ದಾರಿ ಇದೆ ಸರ್ ಬೇಸಿಲ್. ನಡ್ಕೊಂಡು ಹೋಗ್ಬೇಕು, ಗಾಡೀಲಿ ಹೋಗ್ಬೇಕು, ಇಲ್ಲಾ ಮಣ್ಣಿಗೆ ಹೋಗ್ಬೇಕು. ನಿಮಗೆ ಯಾವುದು ಅನುಕೂಲ?”

“ನಡೆಯೋಕೆ ಎಷ್ಟು ದಿನ?”

“ಹೊಟ್ಟೆಗೆ ಬಿದ್ದು, ಹಾಸಿಗೆ ಒಣಗಿದ್ರೆ ಮಾರ್ಚ್ ಕೊನೆ. ಹೀಗೇ ಇದ್ರೆ ಮೂರನೇ ದಾರಿ.”

ಮಾರ್ಚ್ ಕೊನೆ! ತಪಾಸಣೆ ಮಾರ್ಚ್ ಎರಡಕ್ಕೆ. ಆದರೂ ವೈದ್ಯರು ಯಾವಾಗಲೂ ಹೆಚ್ಚು ಹೇಳುತ್ತಾರೆ. ಚೆನ್ನಾಗಿ ತಿಂದರೆ ಮೂಳೆ ಬೇಗ ಕೂಡುತ್ತದೆ. ನನ್ನ ಅಡುಗೆಯಿಂದ ದಿನಾ ಒಂದು ಬಟ್ಟಲು ಕುರಿಯ ಸಾರು ಅವನಿಗೆ ಹೋಗಬೇಕೆಂದು ಹೇಳಿದ್ದೇನೆ. ಇದು ಶುದ್ಧ ವ್ಯವಹಾರ. ಸಾಲದ್ದಕ್ಕೆ, ವೇಲ್ಸಿನ ಕರ್ನಲ್‌ಗೆ ಇನ್ನೊಂದು ಪತ್ರ: ನಿಮ್ಮ ಸಿಪಾಯಿಯನ್ನು ಕರೆಸಿಕೊಳ್ಳಲು ದಯವಿಟ್ಟು ಗಾಡಿ ಕಳಿಸಿ.

ಫೆಬ್ರವರಿ 7

ಸಾರನ್ನು ಕೊಂಡೊಯ್ಯುವವರು ದಾರಿಯಲ್ಲಿ ಅರ್ಧ ಕುಡಿಯುತ್ತಾರೆಂಬ ಅನುಮಾನ. ಇನ್ನು ನಾನೇ ಒಯ್ಯುತ್ತೇನೆ.

ಫೆಬ್ರವರಿ 10

ಪ್ರಾಬರ್ಟ್ ಸೈನ್ಯ ಸೇರುವ ಮೊದಲು ದನ ಹೊಡೆಯುವವನಾಗಿದ್ದನಂತೆ. ವೇಲ್ಸಿನ ಬೆಟ್ಟಗಳಿಂದ ಲಂಡನ್ ಸಂತೆಗೆ ಮುನ್ನೂರು ಎತ್ತುಗಳನ್ನು ನಡೆಸಿಕೊಂಡು ಹೋಗುವುದು. ಬಾತುಕೋಳಿಗಳನ್ನೂ ಹಾಗೆಯೇ ನಡೆಸುತ್ತಾರಂತೆ. ಅಷ್ಟು ದೂರ ಪಾದ ತಡೆಯುವುದಿಲ್ಲವೆಂದು ಅವುಗಳನ್ನು ಮೊದಲು ಡಾಂಬರಿನಲ್ಲಿ, ಆಮೇಲೆ ಮರಳಿನಲ್ಲಿ ನಡೆಸುತ್ತಾರೆ. ಪಾದಕ್ಕೆ ಜೋಡು ಹಾಕಿದ ಹಾಗೆ ಆಗುತ್ತದೆ.

“ಸುಳ್ಳು ಹೇಳಬೇಡ,” ಎಂದೆ.

“ನಿಮ್ಮ ಸಾರಿನಾಣೆ ಸಾಹೇಬ್ರೆ. ಡಾಂಬರು ಹಾಕಿಸ್ಕೊಳ್ಳೋವಾಗ ಅವು ಹೆಂಗೆ ಮೂತಿ ಎತ್ತಿ ನಡೀತವೆ ಅಂತೀರಿ! ಥೇಟ್ ಕವಾಯತಿನಲ್ಲಿ ಆಫೀಸರುಗಳ ಹಂಗೆ.” ಹೇಳಿದ ಮೇಲೆ ಅವನಿಗೆ ಭಯವಾಯಿತು. “ನೀವಲ್ಲ ಸಾಹೇಬ್ರೆ. ಬೇರೆಯೋರು.”

ಕಾಬ್ ಮೂತಿ ಎತ್ತಿ ನಡೆಯುವುದನ್ನು ಊಹಿಸಿಕೊಂಡೆ. ಬಹಳ ದಿನದ ಮೇಲೆ ನಗು ಬಂತು. ಕಾಬ್ ಹಾಗೆ ನಡೆಯುವುದಿಲ್ಲ ಎಂಬುದು ಆಮೇಲೆ ನೆನಪಾಯಿತು.

ಫೆಬ್ರವರಿ 13

ಇದನ್ನು ಬರೆಯಬೇಕೋ ಬೇಡವೋ. ಪ್ರಾಬರ್ಟ್ ಹೆಣಿಗೆ ಬಲ್ಲವನು. ದನದ ಹಿಂದೆ ನಡೆಯುತ್ತಲೇ ಕಾಲುಚೀಲ ಹೆಣೆಯುವುದು ಅವರ ಕಡೆ ಗಂಡಸರ ರೂಢಿಯಂತೆ. ಲೊರಿಮರ್ ಎಲ್ಲಿಂದಲೋ ಉಣ್ಣೆ ತಂದುಕೊಟ್ಟಿದ್ದ. ಅದನ್ನು ಉಂಡೆ ಸುತ್ತಲು ಇನ್ನೊಬ್ಬರು ನೂಲಿನ ಲಡಿಯನ್ನು ಎರಡು ಕೈಗೆ ಹಾಕಿಕೊಂಡು ಕೂರಬೇಕು. ಅಲ್ಲಿ ನಾನೊಬ್ಬನೇ ಇದ್ದೆ. ಹೀಗೆ ಐದನೆಯ ಬ್ಯಾರನೆಟ್ ಕೈದಿಯಂತೆ ಎರಡೂ ಕೈ ಮುಂದಕ್ಕೆ ಚಾಚಿ, ಮೈತುಂಬ ಉಣ್ಣೆ ಮಾಡಿಕೊಂಡು ಕೂತಿದ್ದಾಗ ಕಾಬ್ ಒಳಗೆ ಬಂದ.

“ಅಯ್ಯೋ, ಏಳಬೇಡಿ,” ಎಂದ.

ಏಳುವುದು ಸಾಧ್ಯವಿರಲಿಲ್ಲ.

“ಎಡಗೈ ಸ್ವಲ್ಪ ಮೇಲೆ ಸಾಹೇಬ್ರೆ,” ಎಂದ ಪ್ರಾಬರ್ಟ್, ನನಗೆ.

ಕಾಬ್ ಗೋಡೆಯ ಕಡೆ ತಿರುಗಿದ. ಅವನ ಬೆನ್ನು ಅಲುಗುತ್ತಿತ್ತು. ನಾಳೆ ಇಡೀ ಕೋಟೆಗೆ ಗೊತ್ತಾಗುತ್ತದೆ.

ಫೆಬ್ರವರಿ 14

ಯಾರಿಗೂ ಗೊತ್ತಾಗಿಲ್ಲ. ಅವನು ಹೇಳಿಲ್ಲ. ಹೇಳದೆ ಇದ್ದು ನನ್ನನ್ನು ಋಣದಲ್ಲಿ ಇಟ್ಟುಕೊಳ್ಳುವುದು ಅವನ ಉಪಾಯ.

ಫೆಬ್ರವರಿ 17

ಹೋದಾಗ ಬಾಗಿಲಾಚೆಯೇ ನಗು ಕೇಳಿಸಿತು. ಕಾಬ್ ನನ್ನ ಮುಕ್ಕಾಲಿಯ ಮೇಲೆ, ಎಂದರೆ ನಾನು ದಿನಾ ಕೂರುವ ಮುಕ್ಕಾಲಿಯ ಮೇಲೆ, ಕೂತಿದ್ದ. ಹಿಟ್ಟು ಕದಿಯುವ ಎತ್ತಿನ ಕಥೆಯೇನೋ ಹೇಳುತ್ತಿದ್ದ. ಅವನ ಅಪ್ಪನ ಗಿರಣಿಯದು. ಪ್ರಾಬರ್ಟ್ ಹೊಟ್ಟೆ ಹಿಡಿದುಕೊಂಡು ನಗುತ್ತ “ಅಯ್ಯಪ್ಪಾ, ಕಾಲು ಅಲುಗತ್ತೆ, ಸಾಕು ಮಾಡಿ ಮೇಜರ್ ಸಾಹೇಬ್ರೆ!” ಎನ್ನುತ್ತಿದ್ದ.

ನನ್ನ ಮುಂದೆ ಅವನು ಹೊಟ್ಟೆ ಹಿಡಿದುಕೊಂಡು ನಕ್ಕದ್ದಿಲ್ಲ.

ನಗುವುದರಿಂದ ಮೂಳೆ ಜರುಗುತ್ತದೆ, ಇಲ್ಲಿಗೆ ಸುಮ್ಮನೆ ಬಂದು ಹೋಗುವವರನ್ನು ತಡೆಯಬೇಕು ಎಂದು ಲೊರಿಮರ್‌ಗೆ ಹೇಳಿದೆ. “ನಿಮ್ಮನ್ನೂ ಸೇರಿಸೋದಾ?” ಎಂದು ಕೇಳಿದ ದುಷ್ಟ.

ಸಾರನ್ನು ಬಾಗಿಲ ಬಳಿ ಇಟ್ಟು ಬಂದುಬಿಟ್ಟೆ. ತಣ್ಣಗಾಗಿರಬೇಕು.

ಫೆಬ್ರವರಿ 18

ಕೋಪದಲ್ಲಿ ಹೋಗಲಿಲ್ಲ.

ಫೆಬ್ರವರಿ 19

ಹೋದೆ. “ನಿನ್ನೆ ಬರಲಿಲ್ಲವಲ್ಲ ಸಾಹೇಬ್ರೆ, ಹುಷಾರಿರಲಿಲ್ವೇ?” ಎಂದು ಕೇಳಿದ. ನನ್ನ ತಾಯಿ ಸತ್ತ ಮೇಲೆ ಈ ಪ್ರಶ್ನೆಯನ್ನು ಯಾರೂ ಕೇಳಿದ ನೆನಪಿಲ್ಲ. ತಲೆನೋವು ಎಂದೆ. ಹಣೆಗೆ ಏನೋ ಸೊಪ್ಪು ಅರೆದು ಹಚ್ಚಬೇಕೆಂದು ಉದ್ದಕ್ಕೆ ವಿವರಿಸಿದ.

ಗಿರಣಿಯ ಕಥೆ ಚೆನ್ನಾಗಿತ್ತೋ ಎಂದು ಕೇಳಿದೆ, ಸುಮ್ಮನೆ.

“ಮೇಜರ್ ಸಾಹೇಬ್ರು ಹೇಳೋ ಗತ್ತೇ ಬೇರೆ ಬಿಡಿ,” ಎಂದ.

ಕೇಳಬಾರದಿತ್ತು.

ಫೆಬ್ರವರಿ 22

ಅವನ ಬೆನ್ನಿಗೆ ಹಾಸಿಗೆ ಹುಣ್ಣಾಗಿದೆ. ಹೇಳಿಕೊಂಡಿರಲಿಲ್ಲ, ಹೊರಳಿಸುವಾಗ ನಾನು ಕಂಡೆ. ನನ್ನ ಉಣ್ಣೆಯ ಹಾಸಿಗೆಯನ್ನು ಕಳಿಸಿದ್ದೇನೆ. ಹಲಗೆಯ ಮೇಲೆ ಮಲಗುವುದು ನನ್ನ ಬೆನ್ನಿಗೂ ಒಳ್ಳೆಯದೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ತಪಾಸಣೆಗೆ ಇನ್ನು ಎಂಟು ದಿನ. ಗಾಡಿಯ ಸುದ್ದಿಯಿಲ್ಲ. ಇಂದು ಅದು ಇಡೀ ದಿನ ನೆನಪಿಗೆ ಬಂದಿರಲಿಲ್ಲ ಎಂಬುದು ಈಗ ಬರೆಯುವಾಗ ಹೊಳೆಯಿತು. ಹುಣ್ಣಿನ ಗಲಾಟೆ.

ಫೆಬ್ರವರಿ 26

ಗಾಡಿ ಬಂತು.

ಮಧ್ಯಾಹ್ನ ಎರಡಕ್ಕೆ. ಒಂದು ಕುದುರೆ, ಮೇಲೆ ಮುಚ್ಚಿಗೆಯಿಲ್ಲ, ಜೊತೆಗೆ ಬೇವನ್ ಎಂಬ ವೇಲ್ಸಿನ ಕಾರ್ಪೊರಲ್. ಅವನ ಕೈಯಲ್ಲಿ ಕರ್ನಲ್‌ರ ಆಜ್ಞೆ: ಸರ್ ಬೇಸಿಲ್ ಥಾರ್ನ್‌ಹೇ ಅವರ ಕೋರಿಕೆಯಂತೆ, ಅವರ ಸಹಿ ಪಡೆದು, ರೋಗಿಯನ್ನು ಕರೆತರುವುದು. ಸಹಿ ಬಿದ್ದ ಗಳಿಗೆಯಿಂದ ಪ್ರಾಬರ್ಟ್‌ನ ಹೆಸರು ನಮ್ಮ ಪಟ್ಟಿಯಲ್ಲಿ ಇರುವುದಿಲ್ಲ. ಸೋಮವಾರ ಜನರಲ್ ಬಂದಾಗ ಕೀಲಿಕೈ ನನ್ನ ಕೈಯಲ್ಲಿರುತ್ತದೆ.

ಲೊರಿಮರ್‌ನನ್ನು ಕರೆಸಿದೆ. ಪೈಪು ಬಾಯಿಂದ ತೆಗೆದು ಮಾತಾಡಿದ್ದು ಇದೇ ಮೊದಲು.

“ಇನ್ನೂ ಮೂರು ವಾರ ಬೇಕು. ಈ ಹೆಪ್ಪುಗಟ್ಟಿದ ದಾರೀಲಿ ನಾಲ್ಕು ದಿನ ಕುಲುಕಿದ್ರೆ ಮೂಳೆ ಮತ್ತೆ ಬಿಡುತ್ತೆ. ಬಿಟ್ರೆ ಅಲ್ಲಿನ ವೈದ್ಯ ಕಾಲು ತೆಗೀತಾನೆ. ಅಷ್ಟು ಮೇಲಿಂದ ಕಾಲು ತೆಗೆದ್ಮೇಲೆ ಬದುಕಿದವರನ್ನ ನಾನು ಜಾಸ್ತಿ ನೋಡಿಲ್ಲ.”

“ಹೋಗಬಾರದು ಅಂತ ಬರೆದುಕೊಡ್ತೀರಾ?”

“ನೀವು ಕೇಳಿದ್ರೆ ಬರೀತೀನಿ. ಕೇಳ್ದೆ ಇದ್ರೆ ಬರೆಯಲ್ಲ. ನನಗೂ ಹೊಟ್ಟೆಪಾಡಿದೆ ಸರ್ ಬೇಸಿಲ್. ನಾಳೆ ಯಾರು ಮೇಜರ್ ಆಗ್ತಾರೋ ಯಾರಿಗೆ ಗೊತ್ತು.”

ಕಾಬ್‌ನ ಕೋಣೆಗೆ ಹೋದೆ. ಅವನು ಬೂಟಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ, ತಾನೇ.

“ನೀವು ಅಧಿಪತಿ,” ಎಂದೆ. “ಆಜ್ಞೆ ಕೊಡಿ. ಗಾಡಿ ಹೋಗಬೇಕೋ ಬೇಡವೋ?”

“ಕೊಡಲ್ಲ.”

“ಯಾಕೆ?”

“ಪತ್ರ ಬರೆದವರು ನೀವು, ಸಹಿ ನಿಮ್ಮದು. ನಾನು ಬೇಡ ಅಂದ್ರೆ ಏನಂತಾರೆ? ಕುರ್ಚಿ ಉಳಿಸ್ಕೊಳ್ಳೋಕೆ ರೋಗೀನ ಹಿಡ್ಕೊಂಡು ಕೂತ ಅಂತಾರೆ. ನೀವು ಗಾಡಿಗೆ ಬರೆದಿದ್ದೀರಿ ಅಂತ ಗೊತ್ತಾದಾಗಿಂದ ಅದನ್ನೇ ಯೋಚಿಸ್ತಿದೀನಿ. ನನಗೇ ಗೊತ್ತಾಗ್ತಿಲ್ಲ ಸರ್ ಬೇಸಿಲ್, ನಾನು ಬೇಡ ಅಂದ್ರೆ ಅದು ಅವನ ಕಾಲಿಗೋಸ್ಕರಾನೋ, ಮೇಜರ್ ಗಿರಿಗೋಸ್ಕರಾನೋ.” ಬೂಟನ್ನು ಕೆಳಗಿಟ್ಟ. “ನೀವು ಬೇಡ ಅಂದ್ರೆ ಯಾರಿಗೂ ಅನುಮಾನ ಬರಲ್ಲ.”

ಅವನು ಒಂದು ಮಾತು ಬೇಡವೆಂದಿದ್ದರೆ ಎಷ್ಟು ಸುಲಭವಾಗುತ್ತಿತ್ತು. ಕಾಲೂ ಉಳಿಯುತ್ತಿತ್ತು, ಅವನನ್ನು ಜೀವಮಾನವಿಡೀ ದ್ವೇಷಿಸಲು ನನಗೊಂದು ಒಳ್ಳೆಯ ಕಾರಣವೂ ಸಿಗುತ್ತಿತ್ತು. ಅದನ್ನೂ ಕೊಡಲಿಲ್ಲ.

ರೋಗಿಗಳ ಕೋಣೆಯಲ್ಲಿ ಬೇವನ್ ಕಂಬಳಿ ಮಡಿಸುತ್ತಿದ್ದ.

“ಏನಯ್ಯಾ ಪ್ರಾಬರ್ಟ್, ಈ ದೊಡ್ಡ ಮನುಷ್ಯರಿಗೆ ನೀನಂದ್ರೆ ಅದೆಷ್ಟು ಬೇಸರ! ನಿನ್ನ ಸಾಗಹಾಕೋಕೆ ಅಂತ್ಲೇ ಪತ್ರದ ಮೇಲೆ ಪತ್ರ ಬರ್ದವ್ರೆ,” ಎನ್ನುತ್ತಿದ್ದ. ನನ್ನನ್ನು ಕಂಡು ಬಾಯಿ ಮುಚ್ಚಿದ.

ಅವನನ್ನು ಹೊರಗೆ ಕಳಿಸಿದೆ. ಮುಕ್ಕಾಲಿ ಎಳೆದುಕೊಂಡು ಕೂತೆ. ನಿಜವೆಂದು ಕೊನೆಗೆ ಹೇಳಿದೆ. ಪತ್ರಗಳು, ಸಾರು, ಎಲ್ಲವೂ ನೀನು ಬೇಗ ಇಲ್ಲಿಂದ ತೊಲಗಲೆಂದು.

ಪ್ರಾಬರ್ಟ್‌ಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

“ಅದು ಮೊದ್ಲ ದಿನವೇ ಗೊತ್ತಲ್ಲ ಸಾಹೇಬ್ರೆ. ಇಡೀ ಕೋಟೆಗೇ ಗೊತ್ತು. ನಾನು ಯಾವತ್ತು ಹೋಗ್ತೀನಿ ಅಂತ ರಮ್ ಪಂದ್ಯ ಕಟ್ಟವ್ರೆ. ಅಡುಗೆಯವನು ಈ ಗುರುವಾರಕ್ಕೇ ಕಟ್ಟಿದ್ದ; ಅವನಿಗೆ ಅದೃಷ್ಟ.” ತನ್ನ ಕಾಲನ್ನು ನೋಡಿಕೊಂಡ. “ಸಾರು ಮಾತ್ರ ಚೆನ್ನಾಗಿತ್ತು. ಹೋಗ್ತೀನಿ ಬಿಡಿ. ನಿಮಗೆ ಮೇಜರ್ ಆಗ್ಬೇಕು ಅನ್ನೋದು ನನಗೆ ಗೊತ್ತಿಲ್ವೇ? ಒಂಟಿ ಕಾಲಲ್ಲೂ ಹೆಣಿಗೆ ಹಾಕಬೋದು.”

ಇದು ತ್ಯಾಗದ ದನಿಯಲ್ಲ. ದಾರಿಯ ಸುದ್ದಿ ಹೇಳುವವನ ದನಿ.

ಬೆಳಿಗ್ಗೆ ಹೇಳುತ್ತೇನೆಂದು ಬೇವನ್‌ಗೆ ಹೇಳಿ ಬಂದೆ.

ಫೆಬ್ರವರಿ 27

ಗಾಡಿಯನ್ನು ಹಿಂದಕ್ಕೆ ಕಳಿಸಿದೆ. ಎಡಗಡೆಯ ಚಕ್ರದ ಕಬ್ಬಿಣದ ಪಟ್ಟಿ ಸಡಿಲವಾಗಿತ್ತು. ಹುಲ್ಲು ಒದ್ದೆಯಾಗಿತ್ತು. ಬೇವನ್ ಬೆಳಿಗ್ಗೆಯೇ ಕುಡಿದಿದ್ದ. ಯಾವ ವಿವೇಕಿಯೂ ಅಂಥ ಗಾಡಿಯಲ್ಲಿ ಒಂದು ಮೂಟೆ ಆಲೂಗಡ್ಡೆಯನ್ನೂ ಕಳಿಸುತ್ತಿರಲಿಲ್ಲ. ಇದರಲ್ಲಿ ಬೇರೇನೂ ಇಲ್ಲ.

ಲೊರಿಮರ್ ಪ್ರಮಾಣಪತ್ರ ಬರೆದುಕೊಟ್ಟ. ಮೊದಲೇ ಬರೆದಿಟ್ಟಿದ್ದ, ಶಾಯಿ ಒಣಗಿತ್ತು.

ಕಾಬ್ ಅಂಗಳದಲ್ಲಿ ಎದುರಾಗಿ ಕೈ ಚಾಚಿದ. ಚಕ್ರದ ವಿಷಯ ಹೇಳಿ ಮುಂದೆ ಹೋದೆ.

ಮಾರ್ಚ್ 2

ಜನರಲ್ ಬಂದರು, ನೋಡಿದರು, ತಿಂದರು, ಹೋದರು.

ಕವಾಯತಿನಲ್ಲಿ ಕಾಬ್ ಎಲ್ಲರ ಮುಂದೆ. ನಾನು ನನ್ನ ಕಂಪನಿಯ ಮುಂದೆ, ಅವನ ಬೆನ್ನು ನೋಡುತ್ತ ಒಂದು ಗಂಟೆ. ಕೋಟಿನ ಬೆನ್ನ ಹೊಲಿಗೆ ಒಂದು ಕಡೆ ಬಿಟ್ಟಿತ್ತು. ಜನರಲ್‌ಗೆ ಅದು ಕಾಣಲಿಲ್ಲ. ಗೋಡೆಯನ್ನು ಹೊಗಳಿದರು, ಅಡುಗೆಮನೆಯನ್ನು ಹೊಗಳಿದರು, ಅವನ ಹೆಗಲು ತಟ್ಟಿದರು. ನನ್ನನ್ನು ನೋಡಿ ನಮ್ಮ ತಾತನವರ ಬೇಟೆ ನಾಯಿಗಳ ಬಗ್ಗೆ ವಿಚಾರಿಸಿದರು.

ಆಮೇಲೆ ರೋಗಿಗಳ ಕೋಣೆ. ಹಾಸಿಗೆಯನ್ನು ಬೆತ್ತದಿಂದ ಒತ್ತಿ ನೋಡಿ, “ಸಿಪಾಯಿಗೆ ಉಣ್ಣೆ ಹಾಸಿಗೆ! ಇದ್ಯಾವ ಊರಿನ ಪದ್ಧತಿ?” ಎಂದರು.

“ಅದು ಸರ್ ಬೇಸಿಲ್ ಅವರದು,” ಎಂದ ಕಾಬ್. ನನ್ನನ್ನು ಕೇಳದೆ! ನನ್ನ ಔದಾರ್ಯವನ್ನೂ ಹಂಚುವವನು ಅವನೇ ಆಗಬೇಕು.

“ನಿನ್ನನ್ನ ಇಲ್ಲಿ ಯಾರಪ್ಪಾ ನೋಡ್ಕೊಳ್ಳೋದು?” ಎಂದು ಜನರಲ್ ಪ್ರಾಬರ್ಟ್‌ನನ್ನು ಕೇಳಿದರು.

“ಇಬ್ಬರು ಸಾಹೇಬ್ರೂ ನೋಡ್ಕೋತಾರೆ ಬುದ್ಧಿ.”

ಇಬ್ಬರೂ! ಕಾಬ್ ಬಂದದ್ದು ಒಟ್ಟು ಏಳು ಸಲ. ಅದರಲ್ಲಿ ಎರಡು ಸಲ ಕೂರಲೂ ಇಲ್ಲ. ನಾನು ಆ ಒಂದು ದಿನ ಬಿಟ್ಟರೆ ಪ್ರತಿದಿನ. ಜನರಲ್ ಹೋದ ಮೇಲೆ ಇಡೀ ಸಂಜೆ ಈ ‘ಇಬ್ಬರೂ’ ಗಂಟಲಲ್ಲಿ ಮುಳ್ಳಿನ ಹಾಗೆ ಇತ್ತು. ಊಟಕ್ಕೆ ಹೋಗಲಿಲ್ಲ. ತಪಾಸಣೆ ಹೇಗಾಯಿತೆಂದು ಕಿರಿಯ ಅಧಿಕಾರಿಯೊಬ್ಬ ಕೇಳಿದಾಗ ಅವನು ಏನನ್ನು ಕೇಳುತ್ತಿದ್ದಾನೆಂದೇ ಒಂದು ಕ್ಷಣ ತಿಳಿಯಲಿಲ್ಲ.

ಮಾರ್ಚ್ 11

ಕರ್ನಲ್‌ರ ಪತ್ರ. ಕಾಬ್ ಇನ್ನು ರೆಜಿಮೆಂಟಿನ ಮೇಜರ್. ಸನ್ನದಿನ ಮೇಜರ್ ಅಲ್ಲ, ನಿಜವಾದ ಮೇಜರ್. ಯಾರು ಬೆರೆತರೂ, ಯಾರು ಹೋದರೂ ಇನ್ನು ಅವನೇ ನನ್ನ ಮೇಲೆ.

ಓದಿದೆ. ಸಾರು ಆರುತ್ತಿತ್ತು, ಹೊರಟೆ.

ಮಾರ್ಚ್ 19

ಲೊರಿಮರ್ ಕಟ್ಟು ಬಿಚ್ಚಿದ್ದಾನೆ. ಕಾಲು ಒಣ ಕಡ್ಡಿಯ ಹಾಗಿದೆ, ಒಂದು ಬೆರಳಿನಷ್ಟು ಗಿಡ್ಡವಾಗಿದೆ, ಆದರೆ ನೇರವಾಗಿದೆ. ಬಿಸಿ ಕೊಬ್ಬು ಹಚ್ಚಿ ಉಜ್ಜಬೇಕು. ಸಿಪಾಯಿಗಳು ಒರಟಾಗಿ ಉಜ್ಜುತ್ತಾರೆ, ನಾನೇ ಮಾಡುತ್ತಿದ್ದೇನೆ. ಶನಿವಾರ ಎಬ್ಬಿಸಿ ನಿಲ್ಲಿಸುವುದು.

ಊಟದ ಮೇಜಿನಲ್ಲಿ ಕಾಬ್ ಇದನ್ನು ಕೇಳಿ, “ಶನಿವಾರವಾ? ಎಷ್ಟು ಹೊತ್ತಿಗೆ? ನಾನಿರಬೇಕು. ಆ ಕಲ್ಲು ಎತ್ತಿದ ದಿನದಿಂದ ಅವನು ನಿಲ್ಲೋದನ್ನ ನೋಡ್ಬೇಕು ಅಂತ ಕಾಯ್ತಿದೀನಿ,” ಎಂದ.

“ಹತ್ತು ಗಂಟೆಗೆ,” ಎಂದ ಲೊರಿಮರ್.

ಮಾರ್ಚ್ 20

ಲೊರಿಮರ್ ಜೊತೆ ಮಾತಾಡಿದೆ. ಒಂಬತ್ತೂವರೆಗೆ ಕಿಟಕಿಯಿಂದ ಬಿಸಿಲು ಚೆನ್ನಾಗಿ ಬೀಳುತ್ತದೆ, ರೋಗಿಗೆ ಬಿಸಿಲು ಒಳ್ಳೆಯದು, ಆಗಲೇ ಮಾಡುವುದು ವಾಸಿ ಎಂದೆ. ಅವನು ಪೈಪಿಗೆ ಹೊಗೆಸೊಪ್ಪು ತುಂಬಿದ.

“ಮೇಜರ್‌ಗೆ ಹೇಳಿ ಕಳಿಸಲಾ?”

“ಅವರಿಗೆ ಹಾಜರಿ ತಗೊಳ್ಳೋದಿರುತ್ತೆ. ತೊಂದರೆ ಕೊಡೋದು ಬೇಡ.”

ಮಾರ್ಚ್ 21

ಬಿಸಿಲಿತ್ತು.

ಪ್ರಾಬರ್ಟ್ ಮಂಚದ ಅಂಚಿಗೆ ಜರುಗಿ, ಎರಡೂ ಕೈಯನ್ನು ನನ್ನ ಹೆಗಲ ಮೇಲೆ ಇಟ್ಟ. ಭಾರವಾದ ಕೈಗಳು. “ಬಿದ್ರೆ ಇಬ್ರೂ ಬೀಳ್ತೀವಿ ಸಾಹೇಬ್ರೆ,” ಎಂದ. “ಬೀಳು,” ಎಂದೆ. ಎದ್ದ. ಅವನು ನನಗಿಂತ ಎತ್ತರವೆಂದು ಈವರೆಗೆ ಗೊತ್ತಿರಲಿಲ್ಲ, ಮಲಗಿದ್ದನ್ನೇ ನೋಡಿದ್ದೆನಲ್ಲ. ನಾನು ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿದೆ, ಅವನು ಒಂದೊಂದೇ ಹೆಜ್ಜೆ ಮುಂದಕ್ಕೆ ಬಂದ. ಎರಡನೆಯ ಹೆಜ್ಜೆಗೆ ಅವನ ಹಣೆಯಲ್ಲಿ ಬೆವರು. ನಾಲ್ಕನೆಯದಕ್ಕೆ ತನ್ನ ಭಾಷೆಯಲ್ಲಿ ಏನೋ ಬೈದ, ಕಾಲಿಗೋ ದೇವರಿಗೋ. ಕಿಟಕಿಯವರೆಗೆ ಒಂಬತ್ತು ಹೆಜ್ಜೆ. ಅಲ್ಲಿ ನನ್ನ ಹೆಗಲಿನಿಂದ ಒಂದು ಕೈ ತೆಗೆದು ಗೋಡೆ ಹಿಡಿದ, ಆಮೇಲೆ ಇನ್ನೊಂದನ್ನೂ ತೆಗೆದ. ನಿಂತ. ಹೊರಗೆ ನೋಡಿ, “ಹುಲ್ಲು ಬಂದದೆ,” ಎಂದ. ನನಗೆ ಕಣ್ಣು ಮಂಜಾಗಿತ್ತು, ಹುಲ್ಲು ಕಾಣಲಿಲ್ಲ. ಹೊಗೆ. ಲೊರಿಮರ್‌ನ ಪೈಪು.

ಮತ್ತೆ ಒಂಬತ್ತು ಹೆಜ್ಜೆ ನಡೆಸಿ ಮಲಗಿಸಿ, ಕಂಬಳಿ ಹೊದಿಸುವಾಗ ಮೆಟ್ಟಿಲಲ್ಲಿ ಬೂಟಿನ ಸದ್ದಾಯಿತು. ಕಾಬ್ ಏದುಸಿರು ಬಿಡುತ್ತ ಬಂದ. ಹಾಜರಿಯ ನಡುವೆಯೇ ಎದ್ದು ಬಂದಿರಬೇಕು, ಪಟ್ಟಿ ಕೈಯಲ್ಲೇ ಇತ್ತು.

“ಇನ್ನೂ ಹತ್ತಾಗಿಲ್ಲ! ನಿಲ್ಸಾಯ್ತಾ?”

“ನಿಂತೆ ಮೇಜರ್ ಸಾಹೇಬ್ರೆ,” ಎಂದ ಪ್ರಾಬರ್ಟ್, ಮುಖವೆಲ್ಲ ಹಲ್ಲಾಗಿ. “ಕಿಟಕಿವರ್ಗೂ ಹೋಗಿ ಬಂದೆ. ಸರ್ ಬೇಸಿಲ್ ಸಾಹೇಬ್ರ ಹೆಗಲು ಹಿಡ್ಕೊಂಡು.”

“ಇನ್ನೊಂದ್ಸಲ ಎಬ್ಬಿಸೋಕಾಗುತ್ತಾ? ಒಂದೆರಡು ಹೆಜ್ಜೆ?”

“ಇವತ್ತಿಗೆ ಸಾಕು,” ಎಂದ ಲೊರಿಮರ್.

ಕಾಬ್ ಬಾಗಿಲಲ್ಲಿ ನಿಂತೇ ಇದ್ದ. ಕಿಟಕಿಯನ್ನು ನೋಡಿದ, ಮಂಚವನ್ನು ನೋಡಿದ, ನಡುವಿನ ನೆಲವನ್ನು ನೋಡಿದ. ಕೊನೆಗೆ ನನ್ನನ್ನು ನೋಡಿದ. ಒಂದೇ ಕ್ಷಣ, ಅಷ್ಟರಲ್ಲಿ “ಒಳ್ಳೆಯದಾಯಿತು, ಬಹಳ ಒಳ್ಳೆಯದಾಯಿತು” ಎಂದು ನಕ್ಕು ಮೆಟ್ಟಿಲಿಳಿದುಹೋದ. ಆದರೆ ಆ ಒಂದು ಕ್ಷಣ ಅವನ ಮುಖದಲ್ಲಿ ಇದ್ದದ್ದನ್ನು ನಾನು ಕಂಡೆ. ಬೇರೆ ಯಾರಿಗೂ ಅದು ಗೊತ್ತಾಗುತ್ತಿರಲಿಲ್ಲ. ಆ ಮುಖವನ್ನು ನಾನು ಎಷ್ಟೋ ವರ್ಷದಿಂದ ದಿನಾ ಬೆಳಿಗ್ಗೆ ಕ್ಷೌರದ ಕನ್ನಡಿಯಲ್ಲಿ ನೋಡುತ್ತ ಬಂದಿದ್ದೇನೆ.

ಪಾಪ, ಅವನನ್ನು ಕಾಯಬಹುದಿತ್ತು. ನಾಳೆ ಎಬ್ಬಿಸುವಾಗ ಹೇಳಿ ಕಳಿಸುತ್ತೇನೆ.